ನಿವ್ವಳ

ಪೀಣ್ಯ ಎರಡನೇ ಹಂತ. ಇಪ್ಪತ್ತನಾಲ್ಕು ಗಂಟೆ ವೇಬ್ರಿಡ್ಜು.
ರಾತ್ರಿ ಪಾಳಿ ನನ್ನದು.
ಕಬ್ಬಿಣದ ಹಲಗೆಯ ಮೇಲೆ ಲಾರಿ ಬಂದು ನಿಲ್ಲುತ್ತದೆ,
ಕೆಂಪು ಅಂಕಿ ನಡುಗಿ ನಡುಗಿ ಒಂದು ಕಡೆ ಕೂರುತ್ತದೆ,
ಚೀಟಿ ಹರಿದು ಕೊಡುತ್ತೇನೆ.
ಒಟ್ಟು. ಖಾಲಿ. ನಿವ್ವಳ.
ನೂರು ರೂಪಾಯಿ.

ಲೇತ್ ಹುಡುಗರು ಟೀ ಕುಡಿಯುತ್ತ ಕೇಳುತ್ತಾರೆ:
"ಚೌರಪ್ಪಣ್ಣ, ಟ್ಯಾಂಕ್ ಓಡಿಸ್ತಿದ್ರಂತೆ, ಎಷ್ಟು ಜನಾನ ಹೊಡೆದ್ರಿ?"
ಹೊಡೆದಿಲ್ಲ ಕಣ್ರೋ. ಹತ್ತಿಸಿದೆ, ಇಳಿಸಿದೆ. ಅಷ್ಟೇ.
ಅವರಿಗದು ಕತೆ ಅನಿಸುವುದಿಲ್ಲ. ಲೋಟ ಇಟ್ಟು ಎದ್ದು ಹೋಗುತ್ತಾರೆ.

ಆದರೆ ನಲವತ್ತೊಂದು ಟನ್ ಹಾರಿದ್ದನ್ನು ಕಂಡವನು ನಾನು.
ಚಂಡೀಗಢದಲ್ಲಿ ಬೆಳಗಿನ ಜಾವ ಮೂರೂವರೆ,
ಗಜರಾಜ ಹಿಂದಿನ ಬಾಗಿಲು ತೆರೆದು ಕೂತಿತ್ತು.
ಅದಕ್ಕೂ ಮೊದಲು ಎರಡು ದಿನ ಬರೀ ಭಾರ ಕಳೆದೆವು:
ಡೀಸೆಲ್ ಬಸಿದೆವು, ಗುಂಡು ಇಳಿಸಿದೆವು, ಡ್ರಮ್ಮು ಬಿಚ್ಚಿದೆವು,
ಟ್ರ್ಯಾಕಿನ ಸಂದಿಯ ಮಣ್ಣನ್ನು ಸಲಾಕೆಯಿಂದ ಕೆರೆದೆವು,
ಮೂರು ಬಕೆಟ್ಟು ಬಂತು, ಬಬೀನಾದ ಕೆಮ್ಮಣ್ಣು.
ಲೋಡ್‌ಮಾಸ್ಟರ್ ತೆಳ್ಳಗಿನ ಆಸಾಮಿ, ಕಿವಿಯ ಮೇಲೆ ಸೀಮೆಸುಣ್ಣ.
ಉಕ್ಕಿನ ಮೈಮೇಲೆ ಲೆಕ್ಕ ಬರೆದ, ಒರೆಸಿದ, ಮತ್ತೆ ಬರೆದ,
ನಮ್ಮ ಕಡೆ ತಿರುಗಿ "ಜೇಬಲ್ಲೇನಿದೆ?" ಎಂದ.
ಗನ್ನರ್ ಇನ್ಬರಾಜ್, ವೇಲೂರಿನವನು, ಹೊರಗೆ ತೆಗೆದ
ಅರ್ಧ ಕೇಜಿ ಹುಣಸೆಹಣ್ಣು.
ಅದಕ್ಕೂ ಪರವಾನಗಿ ಸಿಕ್ಕಿತು.

ಒಂದನೇ ಗೇರು. ಎಡಬಲಕ್ಕೆ ಒಂದೊಂದು ಗೇಣು.
ನನಗೆ ಕಂಡದ್ದು ಅವನ ಎರಡು ಅಂಗೈ ಮಾತ್ರ.
ಬಾ ಎನ್ನುತ್ತಿದ್ದವು, ಬಾ, ಇನ್ನೂ ಬಾ,
ಮಗುವನ್ನು ಮೊದಲ ಹೆಜ್ಜೆಗೆ ಕರೆಯುವ ಹಾಗೆ.
ಇಡೀ ವಿಮಾನ ಹಿಂದಕ್ಕೆ ಕುಸಿದು ನಿಟ್ಟುಸಿರಿಟ್ಟಿತು.
ಸರಪಳಿ ಬಿಗಿದರು. ಎಂಜಿನ್ ಆರಿಸಿದೆ.
ನನ್ನ ಗಾಡಿಯ ಪಕ್ಕದಲ್ಲಿ ನಾನೇ
ಟಿಕೇಟಿಲ್ಲದ ಪ್ರಯಾಣಿಕನಂತೆ ಕೂತೆ.
ಮೋಡ ಕುಲುಕಿದಾಗ ಸರಪಳಿ ಕಿರ್ರೆಂದಿತು;
ಇನ್ಬರಾಜ್ ಟ್ರ್ಯಾಕಿನ ಮೇಲೆ ಕೈಯಿಟ್ಟ,
ಟೆಂಪೋದಲ್ಲಿ ಎಮ್ಮೆ ಸಾಗಿಸುವವನು ಅದರ ಬೆನ್ನು ಸವರುವಂತೆ.

ಮೇಲೆ ಯುದ್ಧವಾಗಲಿಲ್ಲ. ಚಳಿಯಾಯಿತು.
ಎರಡು ಗಂಟೆಗೊಮ್ಮೆ ಎದ್ದು ಎಂಜಿನ್ ಚಾಲೂ ಮಾಡಬೇಕು,
ಇಲ್ಲದಿದ್ದರೆ ಬೆಳಿಗ್ಗೆ ಅದು ಬರೀ ಬಂಡೆ.
ಹದಿನಾಲ್ಕು ತಿಂಗಳು ಬಾಣಂತಿಯ ನಿದ್ದೆ ಮಾಡಿದೆ.
ನೀರು ಬೇಗ ಕುದಿಯುತ್ತಿತ್ತು, ಬೇಳೆ ಬೇಯುತ್ತಿರಲಿಲ್ಲ,
ಇನ್ಬರಾಜ್ ಆ ಹುಣಸೆಯಲ್ಲೇ ರಸಂ ಮಾಡುತ್ತಿದ್ದ.
ಎಡಗಾಲಿನ ಎರಡು ಬೆರಳು ಅಲ್ಲೇ ಬಿಟ್ಟು ಬಂದ.
ಗಾಡಿ ಬೇರೆ ಹುಡುಗರ ಕೈಗೆ ಹೋಯಿತು.
ಒಪ್ಪಿಸುವಾಗ ಏನು ಹೇಳಬೇಕೋ ತೋಚಲಿಲ್ಲ.
"ಸ್ವಲ್ಪ ಎಡಕ್ಕೆ ಎಳೆಯುತ್ತೆ, ನೋಡ್ಕೊಳ್ಳಿ" ಎಂದೆ.

ಮೊನ್ನೆ ರಾತ್ರಿ ಎರಡು ಗಂಟೆಗೆ
ಜಾಲಹಳ್ಳಿ ಕ್ರಾಸಿನ ಕಡೆಯಿಂದ ಟ್ರೇಲರ್ ಒಂದು ಬಂತು.
ಟಾರ್ಪಾಲಿನ ಕೆಳಗಿಂದ ಚಾಚಿದ ಕೊಳವೆ ನೋಡಿದ್ದೇ ಎದ್ದು ನಿಂತೆ.
ಸರ್ಜಾಪುರ ರಸ್ತೆಯ ಯಾವುದೋ ಕಾಲೇಜಿನ ಗೇಟಿಗಂತೆ.
ಆಟಿಕೆಯ ಹಸಿರು ಬಳಿದಿದ್ದರು.
ನನ್ನದೇ ಎನ್ನಲಾರೆ, ನಂಬರು ಬಣ್ಣದಡಿ ಹೋಗಿತ್ತು.
ಟ್ರೇಲರಿನ ತೂಕ ಕಳೆದರೆ ಸರಿಯಾಗಿ ಮೂವತ್ತಾರು ಟನ್.
ಐದು ಟನ್ ಎಲ್ಲಿ?
ಎಂಜಿನ್ ಇಷ್ಟು, ಗುಂಡು ಇಷ್ಟು, ಎಣ್ಣೆ ಇಷ್ಟು,
ನಾವು ಮೂವರು, ಹುಣಸೆಹಣ್ಣು...
ಬೆರಳು ಮಡಚುತ್ತ ಹೊರಗೆ ಬಂದೆ.
ಡ್ರೈವರ್ ಹ್ಯಾಚಿಗೆ ವೆಲ್ಡಿಂಗ್ ಹೊಡೆದಿದ್ದರು.
ಟ್ರ್ಯಾಕಿನ ಸಂದಿಗೆ ಬೆರಳು ತೂರಿಸಿದೆ:
ಯಾರೋ ಚೆನ್ನಾಗಿ ತೊಳೆದಿದ್ದರು.

"ಸ್ಕ್ರಾಪ್ ಅಂತ ಬರ್ಕೊಳ್ಳಿ ಸಾರ್, ಲೇಟಾಯ್ತು" ಎಂದ ಟ್ರೇಲರಿನವನು.
ನಾನು ಹಲಗೆಯ ಮೇಲೇ ನಿಂತಿದ್ದೆ, ಕೈ ಉಕ್ಕಿನ ಮೇಲೆ.
ಒಳಗೆ ಟೀ ಹುಡುಗ ಗುಂಡಿ ಒತ್ತಿಬಿಟ್ಟಿದ್ದ.
ಚೀಟಿಯನ್ನು ಬೆಳಕಿಗೆ ಹಿಡಿದು ಅವನು ರಾಗ ಎಳೆದ:
"ಎಪ್ಪತ್ತು ಕೇಜಿ ಜಾಸ್ತಿ ತೋರಿಸ್ತಿದೆಯಲ್ಲ ಸಾರ್?"

ಇರ್ಲಿ ಬಿಡಪ್ಪ.
ಅದು ಡ್ರೈವರ್‌ದು.