ಎತ್ತಿನ ಜ್ವರ

ಒಂಬತ್ತು ದಿನಾರ್ ಕೊಟ್ಟು ಬಿಡಿಸಿಕೊಂಡ ಸಬ್‌ವೂಫರನ್ನು
ನಾಲ್ಕನೇ ಮಹಡಿಗೆ ಹೊತ್ತು ತಂದವನು ಓಬೇದ,
ಹರಿದವನೂ ಅವನೇ.
ನಾನು ರಾತ್ರಿ ಪಾಳಿಯಲ್ಲಿದ್ದೆ, ಅವನಪ್ಪ ವಫ್ರಾದ ಎಣ್ಣೆಬಾವಿಗಳ ಬಳಿ.
ಗೆಳೆಯರು ಬಂದರಂತೆ, ಗುಂಡಿ ತುದಿಗೆ ತಿರುಗಿತಂತೆ,
ಹದಿನಾಲ್ಕರ ಬಾಯಲ್ಲಿ ಎಲ್ಲವೂ ತಾನಾಗಿಯೇ ಆಗುತ್ತದೆ.

ಮೊಫಿಜುಲ್ ಅಂಗಡಿಯಲ್ಲಿ ಅದರ ಬಾಯಿ ಬಿಚ್ಚಿ ತೋರಿಸಿದ:
ಅಂಚಿನ ಫೋಮು, ಬೆರಳು ತಾಗಿದರೆ
ತಿಂಗಳ ಹಿಂದಿನ ಕಟಿರೊಟ್ಟಿಯಂತೆ ಪುಡಿಪುಡಿ.
ಹೊಸ ಉಂಗುರ ಅಂಟಿಸಿದ, ಹೊಟ್ಟೆ ಉಬ್ಬಿದ ಕೆಪಾಸಿಟರ್ ಕಿತ್ತು
ಬೇರೊಂದು ಬೆಸೆದ.
"ಏಕ್‌ದಂ ನಯಾ, ಸಿಸ್ಟರ್" ಎಂದ.

ಮನೆಗೆ ತಂದು ಪ್ಲಗ್ ಹಾಕಿದೆವು.
ಹಾಡು ಇನ್ನೂ ಹಾಕಿಲ್ಲ, ಆಗಲೇ
ಗುಂಯ್...
"ಅವ್ವಾ, ಏನೋ ಅಂತದ ನೋಡು. ಪಪ್ಪಾಗ ಹೇಳಬ್ಯಾಡ."
ಗುರುವಾರಕ್ಕೆ ಮೂರೇ ದಿನ.

ಡ್ಯೂಟಿ ಚೀಲದಿಂದ ಸ್ಟೆತಾಸ್ಕೋಪ್ ತೆಗೆದೆ.
ನಗಬೇಡ ಎಂದೆ, ನಕ್ಕ.
ಕರಿಯ ಪೆಟ್ಟಿಗೆಯ ಎದೆಗೆ, ಬೆನ್ನಿಗೆ, ಪಕ್ಕೆಗೆ
ಬಿಲ್ಲೆ ಒತ್ತಿ ಕಿವಿಗೊಟ್ಟೆ.
ಲಬ್ ಇಲ್ಲ, ಡಬ್ ಇಲ್ಲ, ಉದ್ದಕ್ಕೆ ಎಳೆದ ಒಂದೇ ಗೆರೆ.
ನಮ್ಮ ವಾರ್ಡಿನಲ್ಲಿ ಇಂಥ ಗೆರೆ ಕಂಡರೆ
ಚಪ್ಪಲಿ ಬಿಟ್ಟು ಓಡುತ್ತೇವೆ.

ಬೇರೆ ಗೋಡೆಯ ಪ್ಲಗ್. ಅದೇ ಗುಂಯ್.
ಫ್ರಿಜ್ ಆರಿಸಿದೆವು. ಅದೇ.
ಫಹಾಹೀಲಿನ ಆಗಸ್ಟಿನಲ್ಲಿ ಏಸಿಯನ್ನೂ ಆರಿಸಿದೆವು.
ನನ್ನ ಮೂಗಿನ ತುದಿಯಿಂದ ಬೆವರು
ಪೆಟ್ಟಿಗೆಯ ಮೇಲೆ ತೊಟ್ಟಿಕ್ಕಿತು.
ಸಿಟ್ಟು ಬಂದು ಓಬೇದ
ಟೀವಿಯಿಂದ ಬರುವ ತಂತಿ ಎಳೆದೇಬಿಟ್ಟ.
ನಿಂತಿತು.

ಹಾಗಾದರೆ ಪೆಟ್ಟಿಗೆಯದಲ್ಲ!
ಎಡ ಭುಜ ನೋಯುತ್ತದೆ ಅಂತ ಬರುತ್ತಾರೆ,
ಮುಲಾಮು ಕೇಳುತ್ತಾರೆ,
ಕೆಟ್ಟಿರುವುದು ಹೃದಯ.
ತಂತಿ ಮರಳಿ ಚುಚ್ಚಿ ಟೀವಿಯ ಬೆನ್ನು ತಡವಿದೆವು.
ಅಲ್ಲೊಂದು ದಪ್ಪ ಕೇಬಲ್, ಕಿಟಕಿಯ ಸಂದಿಯಿಂದ ನುಸುಳಿ
ತಾರಸಿಯ ತುಕ್ಕು ಹಿಡಿದ ಡಿಶ್ಶಿಗೆ ಹತ್ತಿದ್ದು.
ಅದನ್ನು ತಿರುವಿ ಬಿಚ್ಚಿದರೆ ಎಲ್ಲ ತಣ್ಣಗೆ.
ಬೀದರಿನ ನಮ್ಮತ್ತೆ ಇದ್ದಿದ್ದರೆ ಹೇಳುತ್ತಿದ್ದರು:
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.
ಎರಡನೇ ಬರೆಗೆ ನಾನಾಗಲೇ ಪರ್ಸು ತೆಗೆದಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ.
ಡೋಲಿನ ಆಳದ ಏಟು ಬಿದ್ದಾಗ ಮಾತ್ರ, ಟರ್ರ್.
ಎಂಟೂ ಸ್ಕ್ರೂ ಬಿಗಿದೆವು. ಟರ್ರ್.
ಹಳೆ ಹವಾಯಿ ಚಪ್ಪಲಿ ಕತ್ತರಿಸಿ ಕಾಲಡಿಗೆ ಇಟ್ಟೆವು.
ಟರ್ರ್, ತುಸು ಮೆಲ್ಲಗೆ.
ಓಬೇದ ಶೋಕೇಸಿನ ಗಾಜಿಗೆ ಅಂಗೈ ಒತ್ತಿದ,
ಅರ್ಧ ಹೋಯಿತು.
ಇನ್ನರ್ಧ ಎಲ್ಲಿಯದೋ ಸಿಗಲೇ ಇಲ್ಲ,
ಗುರುವಾರ ಬಂದುಬಿಟ್ಟಿತು.

ಅವರು ಬಂದರು. ಮಿಂದರು.
ಊಟದ ಕೈ ಒರೆಸಿಕೊಳ್ಳುತ್ತ ಹಾಡು ಹಾಕಿದರು.
ಓಬೇದ ನೆಲ ನೋಡುತ್ತ ಕೂತ.
ಟರ್ರ್.
ನನಗೆ ಕೇಳಿಸಿತು, ಅವನಿಗೂ ಕೇಳಿಸಿತು.
"ಯಾಕೋ ಸಣ್ಣಗ ಕೇಳ್ತದಲ್ಲ," ಎಂದು ಅವರು
ಗುಂಡಿಯನ್ನು ಎರಡು ಗೆರೆ ಮೇಲೇರಿಸಿದರು.
ಟರ್ರ್, ಟರ್ರ್.
ಕೆಳಗಿನ ಮನೆಯ ಈಜಿಪ್ಟಿನವ ಪೊರಕೆಯ ಹಿಡಿಯಿಂದ
ತನ್ನ ಛಾವಣಿ, ಅಂದರೆ ನಮ್ಮ ನೆಲ, ಕುಟ್ಟತೊಡಗಿದ.
ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಹನ್ನೊಂದು ವರ್ಷ ಕಂಪ್ರೆಸರುಗಳ ಪಕ್ಕ.
ಕಿವಿಯ ಮುಚ್ಚಳ ಕೊಡುತ್ತಾರಂತೆ,
ಬೆವರಿಗೆ ಜಾರುತ್ತದಂತೆ.
"ಸಾಕು" ಅಂದೆ.
ಇನ್ನೊಮ್ಮೆ ಅಂದೆ.
ಓಬೇದ ತಲೆಯೆತ್ತಿ ನನ್ನನ್ನು ನೋಡಿದ, ಅವರನ್ನು ನೋಡಿದ.
ಆಮೇಲೆ ಎದ್ದು ಹೋಗಿ
ಶೋಕೇಸಿನ ಗಾಜಿಗೆ ಎರಡೂ ಅಂಗೈ ಒತ್ತಿ
ಹಾಡು ಮುಗಿಯುವ ತನಕ ನಿಂತ.