ಹಿಂದೆ ಅರ್ಜಿ ಸಲ್ಲಿಸಿದ್ದೀರಾ?

ಏಳನೇ ಕಾಲಮ್ಮಿನವರೆಗೆ ಕೈ ತಡೆಯಲಿಲ್ಲ.
ಹೆಸರು: ಯಮುನಾ ಬೊಮ್ಮಯ್ಯ ಆಗೇರ.
ಊರು: ಸಾಣಿಕಟ್ಟಾ, ತಾಲೂಕು ಕುಮಟಾ.
ಹುದ್ದೆ: ತೂಕದ ಗುಮಾಸ್ತೆ, ಉಪ್ಪಿನ ಸಂಘ, ಒಂದೇ ಜಾಗ.
ಎಂಟನೆಯದು ಕೇಳುತ್ತದೆ,
ಈ ಸಂಸ್ಥೆಗೆ ಹಿಂದೆ ಅರ್ಜಿ ಸಲ್ಲಿಸಿದ್ದೀರಾ?
ಹೌದು, ಇಲ್ಲ. ಅನ್ವಯಿಸದ್ದನ್ನು ಹೊಡೆದು ಹಾಕಿ.

ಝೆರಾಕ್ಸ್ ಅಂಗಡಿಯ ಶಾಂಭವಿ ಹೇಳಿದ್ದಳು,
'ಇಲ್ಲ ಅಂತ ಬರಿ ಮಾರಾಯ್ತಿ, ಅವರಿಗೆಂತ ನೆನಪಿರ್ತದೆ!'
ನೆನಪಿರುತ್ತದೆ ಶಾಂಭವಿ.
ಜನವರಿಯಲ್ಲಿ ಮೂವರು ಕೂತಿದ್ದರು,
ಮೇಜಿನ ಮೇಲೆ ಗ್ಲುಕೋಸ್ ಬಿಸ್ಕಿಟು, ಯಾರೂ ಮುಟ್ಟದ್ದು.
ಫ್ಯಾನಿನ ಗಾಳಿಗೆ ನನ್ನ ಮಾರ್ಕ್ಸ್‌ಕಾರ್ಡು
ಆಗಾಗ ಎದ್ದು ಕೂರುತ್ತಿತ್ತು,
ನನಗಿಂತ ಧೈರ್ಯವಾಗಿ.

ಎಷ್ಟು ಡಿಗ್ರಿಗೆ ನೀರು ಉಪ್ಪಾಗುತ್ತದೆ?
ನೂರು, ಅಂದೆ.
ಕನ್ನಡಕದವರು ಪೆನ್ನಿಗೆ ಮುಚ್ಚಳ ಹಾಕಿದರು, ನಿಧಾನ.
'ಅದು ಅನ್ನಕ್ಕೆ ಎಸರು ಕುದಿಯೋದು, ತಂಗಿ.'
ಇನ್ನೊಬ್ಬರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು.
ನಿಮ್ಮನ್ನೇ ಯಾಕೆ ತಗೊಳ್ಳಬೇಕು?
ನಡೆದೇ ಬರಬಹುದು, ಬಸ್ ಚಾರ್ಜು ಉಳೀತದೆ, ಅಂದೆ.
ಅದಾದರೂ ಸತ್ಯವಾಗಿತ್ತು.

ಅಪ್ಪ ಇದ್ದಾಗ ಗಾಜಿನ ಕೊಳವೆ ತೇಲಿಬಿಟ್ಟು
ಗೀಟು ಓದುವುದನ್ನು ಸಾವಿರ ಸಲ ಕಂಡವಳು ನಾನು.
ಅವ್ವಿಗೆ ಕೊಳವೆಯೂ ಬೇಡ.
ಬೆಳಿಗ್ಗೆ ಪಾತಿಯ ನೀರು ಕೆನೆ ಕಟ್ಟಿದ್ದು ನೋಡಿ
ಬೆರಳದ್ದಿ ನಾಲಿಗೆಗಿಟ್ಟು
'ನಾಳೆ ಎಳೀಬಹುದು' ಅನ್ನುತ್ತಾಳೆ.
ನಾಳೆ ಎಳೆಯುತ್ತಾಳೆ.

ಇಪ್ಪತ್ತೈದು.
ಸಂಘದ ಮೆಟ್ಟಿಲಿಳಿಯುತ್ತಲೇ ನೆನಪಾಯಿತು.
ಇಪ್ಪತ್ತೈದು, ಗಜನಿಯ ಕಟ್ಟೆಯ ಮೇಲೆ,
ಇಪ್ಪತ್ತೈದು, ಜಂತ್ರಡಿ ದಾಟುವಾಗ,
ಬಚ್ಚಲಲ್ಲಿ ಕಾಲಿನ ಕೆಸರು ತೊಳೆಯುವಾಗಲೂ.
'ಎಂತ ಆತು?' ಕೇಳಿದಳು ಅವ್ವಿ.
ಹೇಳಿ ಕಳಿಸ್ತಾರಂತೆ, ಅಂದೆ.
ಹಿಮ್ಮಡಿಯ ಸೀಳಿಗೆ ತೆಂಗಿನೆಣ್ಣೆ ಹಚ್ಚುತ್ತ
ಅವಳು ಮತ್ತೇನೂ ಕೇಳಲಿಲ್ಲ.
ಅದೇ ಹೆಚ್ಚು ಉರಿಯಿತು.

ಕೆಲಸ ಸಿಕ್ಕಿದ್ದು ಹೊನ್ನಾವರದ ಹುಡುಗನಿಗೆ.
ಎಲ್ಲ ಉತ್ತರ ಬಂದಿತ್ತಂತೆ.
ಬಿಸಿಲಲ್ಲಿ ಬಿಳಿ ರಾಶಿ ನೋಡಿ ನೋಡಿ ಕಣ್ಣುರಿ ಹಿಡಿದು
ಎರಡೇ ತಿಂಗಳಿಗೆ ಬಿಟ್ಟು ಹೋದ.
ನೋಟೀಸು ಮತ್ತೆ ಅದೇ ಮೊಳೆಗೆ ಬಂತು.
ದಿನಾ ಅದರ ಮುಂದೆ ಹಾದು ಹೋದೆ,
ಓದು ಬಾರದವಳ ಹಾಗೆ.

ನಡುವೆ ಮಾರ್ಚಿನಲ್ಲೊಂದು ಅಕಾಲದ ಮಳೆ.
ಹನ್ನೆರಡು ದಿನದ ಉಪ್ಪು ಒಂದೇ ರಾತ್ರಿಗೆ ನೀರು.
ಬೆಳಿಗ್ಗೆ ಅವ್ವಿ ಬೈದಳು,
ಮಳೆಯನ್ನು, ಸಂಘವನ್ನು, ಸತ್ತ ಅಪ್ಪನನ್ನೂ ಸೇರಿಸಿ.
ಎಲೆಯಡಿಕೆ ಹಾಕಿಕೊಂಡು
ಮತ್ತೆ ಹೊಳೆನೀರು ಬಿಡಲು ಹೋದಳು.
ಹೊಳೆಯೂ ಬಂತು, ಮಾನ ಮರ್ಯಾದೆ ಇಲ್ಲದೆ.

ಇದನ್ನೆಲ್ಲ ಬರೆಯಲು ಜಾಗವಿಲ್ಲ,
ಎಂಟನೇ ಕಾಲಮ್ಮು ಇರುವುದು ಒಂದೂವರೆ ಇಂಚು.
'ಇಲ್ಲ' ಹೊಡೆದು ಹಾಕಿದೆ,
ಕಾಗದ ತೂತು ಬಿದ್ದಿತು.

ಒಂಬತ್ತು: ಅನುಭವ.
'ಒಂದು ಸಂದರ್ಶನ' ಎಂದು ಬರೆದೆ.
ಉದ್ಧಟತನ ಅಂದಾರು ಅಂತ
ಶಾಂಭವಿಯ ಬಿಳಿ ಶಾಯಿ ಬಳಿದೆ.
ಅದರ ಮೇಲೆ ಏನು ಬರೆಯಬೇಕೋ ಹೊಳೆಯದೆ
ಹಾಗೇ ಬಿಟ್ಟೆ.

ಸಿಪಾಯಿ ದೇವಯ್ಯ ಆವಕ ಪುಸ್ತಕ ತೆರೆದ.
'ಮತ್ತೆ ನೀನೇನೇ?'
ನಾನೇ.
ಬೆರಳು ನೆಕ್ಕಿ ಪುಟ ಮಗುಚಿದ, ಮೊಹರಿನ ಧೂಳು ಊದಿದ.
ಕಿಟಕಿಯಾಚೆ ಯಾರೋ ಹಲಗೆ ಎಳೆಯುತ್ತಿದ್ದರು,
ಜರ್ರ್, ಜರ್ರ್.

ಇಪ್ಪತ್ತೈದು, ಅಂದೆ, ಯಾರೂ ಕೇಳದೆ.

ಅವ ತಲೆ ಎತ್ತಲಿಲ್ಲ.
'ಅಲ್ಲ, ಹದಿನೇಳು,' ಅಂದ,
'ನಿನ್ನ ನಂಬರು.'