ಎಡಗೈ ಹೋಗಿದೆ ನೋಡು

ಊಟದ ಮೇಜಿನ ಮೇಲೆ ಪೇಪರು ಹಾಸಿ
ಮೂರು ಜೋಡಿ ತೋಳು ಇಟ್ಟಿದ್ದೇವೆ.
ಡಬ್ಬದ ಮೇಲೆ ಎ-ಆರ್ಮ್ ಅಂತ ಬರೆದಿದೆ,
ನನ್ನ ತಮ್ಮ ಲೋಕುವಿಗೆ ಅದು ಬರೀ ಕೈ.
"ಅಕ್ಕಾ, ಎಡಗೈ ಹೋಗಿದೆ ನೋಡು"
ಅಂದಿದ್ದ ಅವತ್ತು.
ಹೋದದ್ದು ಗಾಡಿಯದ್ದು.
ನಾನು ಓಡಿದ್ದು ಮಗಳ ಕಡೆಗೆ.

ಪಡುಬಿದ್ರಿಯ ಆಚೆ, ಕಲ್ಲು ಮುಗಿದ ಕೋರೆಯಲ್ಲಿ,
ಮೂರನೇ ಸುತ್ತಿಗೆ
ಮುರಕಲ್ಲಿನ ಅಂಚು ಮುಂದಿನ ಚಕ್ರಕ್ಕೆ ಬಡಿದು
ಕಂಪನಿಯ ತೋಳು ಬಿಸಿ ಹಪ್ಪಳದ ಹಾಗೆ ಸುರುಟಿತ್ತು.
ಪ್ರಾಪ್ತಿ ಇಳಿದಳು, ಹೆಲ್ಮೆಟ್ ತೆಗೆದಳು,
"ನಾನು ಎಷ್ಟನೇದರಲ್ಲಿ ಇದ್ದೆ?" ಕೇಳಿದಳು.
ಒಂಬತ್ತು ವರ್ಷ.
ಹಾಲುಹಲ್ಲು ಇನ್ನೂ ಎರಡು ಬಾಕಿ.

ಮೊದಲನೇ ಜೋಡಿ ಅಲ್ಯೂಮಿನಿಯಂ,
ಎತ್ತಿದರೆ ಒಣಗಿಸಿದ ಬೂತಾಯಿಯಷ್ಟು ಹಗುರ.
ಚಿನ್ನದ ಬಣ್ಣ, ಅಂಚಿನಲ್ಲಿ ಕೊರೆದ ಹೆಸರು.
ಮಂಗಳೂರಿನ ಅಂಗಡಿಯವರು ನಂಬಿ ಕೊಟ್ಟದ್ದು,
ಎರಡು ದಿನಕ್ಕೆ, ಗೀರು ಬೀಳಬಾರದು.
ಮಗಳಿಗೆ ಇದೇ ಆಗಬೇಕು.
ಲೋಕು ಬೆರಳಗಂಟಿನಿಂದ ಬಡಿದು ಕಿವಿಗೊಟ್ಟ:
"ಚಂದ ಉಂಟು. ಆದರೆ ಇದು
ಹೇಳಿ ಹೋಗುವ ಜಾತಿಯದ್ದಲ್ಲ."

ಎರಡನೆಯದು ಕ್ರೋಮೋಲಿ ಉಕ್ಕು, ಎರಡು ಇಂಚು ಅಗಲ.
ಅಗಲವಾದರೆ ತಿರುವಿನಲ್ಲಿ ಗಾಡಿ ಮಗುಚುವುದಿಲ್ಲವಂತೆ.
ತುದಿಯ ತಿರುಪು ತಿರುಗಿಸಿ
ಚಕ್ರವನ್ನು ಹೇಗೆ ಬೇಕೋ ಹಾಗೆ ನಿಲ್ಲಿಸಬಹುದಂತೆ.
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು ನಾನು,
ಅಂತೆಯ ಪಕ್ಕದಲ್ಲಿ ಅಂಕಿ ಬರೆದೆ.
ತೋಳು ಉದ್ದವಾದರೆ ಸ್ಪ್ರಿಂಗು ಸೋಲುತ್ತದೆ, ಹೊಸ ಶಾಕ್.
ಟೈರಾಡ್ ಗಿಡ್ಡವಾಗುತ್ತದೆ, ಹೊಸ ಟೈರಾಡ್.
ಬ್ರೇಕಿನ ಪೈಪು ಎಳೆಯುತ್ತದೆ, ಅದೂ ಹೊಸತು.
ಒಂದು ಬಸಳೆ ಬಳ್ಳಿಗೆ ಇಡೀ ಚಪ್ಪರ ಬದಲಿಸಿದ ಹಾಗೆ.
ಬರುವ ವರ್ಷ ಇವಳ ಮೊಣಕಾಲು ಹ್ಯಾಂಡಲಿಗೆ ತಾಗುವಾಗ
ಗಾಡಿಯೇ ಚಿಕ್ಕದು.

ಮೂರನೆಯದಕ್ಕೆ ಹೆಸರಿಲ್ಲ.
ಬೋಟಿನ ಕೆಲಸದಲ್ಲಿ ಉಳಿದ ಸೀಮ್‌ಲೆಸ್ ಪೈಪು ಕೊಯ್ದು
ಲೋಕು ರಾತ್ರಿ ಕೂತು ಮಾಡಿದ್ದು.
ಬೆಸುಗೆ ಮೀನಿನ ಹುರುಪೆಯ ಹಾಗೆ
ಒಂದರ ಮೇಲೊಂದು ಮಲಗಿದೆ.
ಕಂಪನಿಯ ಅಳತೆಗಿಂತ ಒಂದು ಇಂಚು ಅಗಲ ಅಷ್ಟೆ.
ಬೂದು ಪ್ರೈಮರ್, ಬೇರೆ ಅಲಂಕಾರ ಇಲ್ಲ.

ನಾನು ಅದನ್ನು ಮುಟ್ಟಿದ್ದೇ ತಡ, ಅವನೇ ಅಂದ:
"ಇದು ಬೇಡ ಅಕ್ಕ.
ಮೂವತ್ತು ಆಳು ಹೋಗುವ ಬೋಟಿನ ವಿಂಚು ಬೆಸೆಯುತ್ತೇನೆ,
ಕೈ ನಡುಗಿದ್ದಿಲ್ಲ.
ಇದಕ್ಕೆ ನಡುಗಿತು."

ಪ್ರಾಪ್ತಿ ಅವನ ಪಕ್ಕಕ್ಕೆ ಬಂದು
ತನ್ನ ಮೊಣಕೈಯನ್ನು ಪೈಪಿನ ಬುಡಕ್ಕೆ ಹಚ್ಚಿ ಅಳೆದಳು.
ಬೆರಳ ತುದಿ ಸರಿಯಾಗಿ ಬಾಲ್ ಜಾಯಿಂಟಿನ ತೂತಿಗೆ.
"ನನ್ನಷ್ಟೇ ಉಂಟು."
ಯಾರೂ ಮಾತಾಡಲಿಲ್ಲ.
ಫ್ರಿಜ್ಜು ಮಾತ್ರ ಒಮ್ಮೆ ಗಡಗಡ ಅಂತು.

ಲೋಕು ಎದ್ದು ಒಂದು ತೋಳನ್ನು ಹಿತ್ತಿಲ ವೈಸಿಗೆ ಕಚ್ಚಿಸಿದ,
ಐದು ಅಡಿ ಪೈಪು ತೂರಿಸಿ ಮೈಭಾರ ಬಿಟ್ಟ.
ಅದು ಮುಲುಕಿತು. ಇನ್ನೂ ಜೋತುಬಿದ್ದ.
ಬಾಗಿತು, ನಡುವಿನಲ್ಲಿ, ನಿಧಾನಕ್ಕೆ,
ಬಸ್ಸಿನಲ್ಲಿ ತೂಕಡಿಸುವವರ ಕತ್ತಿನ ಹಾಗೆ.
ಟಾರ್ಚು ಹಿಡಿದು ನಾನು ಬೆಸುಗೆ ನೋಡಿದೆ,
ಕನ್ನಡಕ ಒರೆಸಿ ಮತ್ತೆ ನೋಡಿದೆ.
ಒಂದು ಹುರುಪೆಯೂ ಎದ್ದಿರಲಿಲ್ಲ.

"ಇದೊಂದು ಹಾಳಾಯಿತು," ಅಂದ.
"ಇನ್ನೊಂದು ಮಾಡು," ಅಂದೆ. "ಹಗಲಿಗೆ ಮಾಡು.
ಉಂಡು ಮಾಡು."

ಶನಿವಾರ, ಬಂದರಿನ ಗೋಡೆಯ ನೆರಳಲ್ಲಿ,
ಹಿಂದಿನ ಚಕ್ರದಿಂದ ಮುಂದಿನದಕ್ಕೆ
ಗಾಳದ ನೈಲಾನು ದಾರ ಎಳೆದು ನೇರ ನೋಡಿದೆವು.
ಒಂದು ತುದಿ ನನ್ನ ಕೈಯಲ್ಲಿ.
ಚಿನ್ನದ ಬಣ್ಣ ಕೇಳಿದವಳಿಗೆ
ಬೋಟಿಗೆ ಬಳಿದು ಮಿಕ್ಕ ಹಳದಿ ಸಿಕ್ಕಿದೆ,
ಮುಖ ಇನ್ನೂ ಊದಿಕೊಂಡೇ ಇದೆ.
ಒಂದು ಸುತ್ತು ಹೋಗಿ ಬಂದು ನಿಲ್ಲಿಸಿದಳು.

"ಮಾಮ, ಎಡಕ್ಕೆ ಚೂರು ಎಳೆಯುತ್ತದೆ."

ಲೋಕು ನನ್ನ ಮುಖ ನೋಡಿದ.
ನಾನು ಸ್ಪ್ಯಾನರ್ ಹುಡುಕಿದೆ.